ಇಪ್ಪತ್ತಾರು ಸಲ ಸುಮ್ಮನೆ

ಶಾಲೆಗಳಲ್ಲಿ ನನಗೆ ಬೆನ್ನ ಹಿಂದೆ ‘ನಡತೆ ಮೇಡಂ’ ಎಂಬ ಹೆಸರಿದೆ. ಎದುರಿಗೆ ಬರೀ ಮೇಡಂ. ಆಟಿಸಂ ಇರುವ ಮಗು ತರಗತಿಯಲ್ಲಿ ಹೊಡೆದರೆ, ಕಚ್ಚಿದರೆ, ತಲೆಯನ್ನು ಗೋಡೆಗೆ ಚಚ್ಚಿಕೊಂಡರೆ ಏನು ಮಾಡಬೇಕೆಂದು ಟೀಚರುಗಳಿಗೆ ಕಲಿಸುವುದು ನನ್ನ ಕೆಲಸ. ಹದಿನಾಲ್ಕು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ಊರವರಿಗೆಲ್ಲ ತಾಳ್ಮೆ ಕಲಿಸಲು ಹೊರಟಿದ್ದಾಳೆ ಎಂದು ನನ್ನ ಅಕ್ಕ ಈಗಲೂ ಆಡಿಕೊಳ್ಳುತ್ತಾಳೆ. ಅವಳು ಹೇಳುವುದರಲ್ಲಿ ಸುಳ್ಳೇನೂ ಇಲ್ಲ.

ಆ ಶಾಲೆಗೆ ನಾನು ಹೋದದ್ದು ಒಬ್ಬಳೇ ಒಬ್ಬ ಹುಡುಗಿಯ ಸಲುವಾಗಿ. ಒಂಬತ್ತು ವರ್ಷ, ಮೂರನೇ ತರಗತಿ. ಮನೆಯಲ್ಲಿ ಅವಳನ್ನು ದುಂಬಿ ಎನ್ನುತ್ತಿದ್ದರು, ಏಕೆಂದರೆ ಎದ್ದಾಗಿನಿಂದ ಮಲಗುವ ತನಕ ತುಟಿ ಬಿಚ್ಚದೆ ಗುಂಯ್ ಎಂದು ಒಂದೇ ಸ್ವರ ಹಿಡಿದಿರುತ್ತಿದ್ದಳು. ಬಾಯಿಬಿಟ್ಟು ಆಡುವ ಮಾತು ನಾಲ್ಕೋ ಐದೋ. ಲೆಕ್ಕದಲ್ಲಿ ಮಾತ್ರ ತರಗತಿಯ ಉಳಿದ ಮೂವತ್ತೇಳು ಮಕ್ಕಳನ್ನೂ ಹಿಂದೆ ಹಾಕುತ್ತಿದ್ದಳು. ಆದರೆ ಕಚ್ಚುತ್ತಿದ್ದಳು. ಪಕ್ಕದವರ ಕೈ, ಟೀಚರ ಮುಂಗೈ, ಒಮ್ಮೆ ಆಟದ ಮೇಷ್ಟರ ಹೆಬ್ಬೆರಳು. ಅದಕ್ಕೂ ಮುಂಚೆ ನಾಲ್ಕು ಶಾಲೆಗಳು ಅವಳನ್ನು ಬಾಗಿಲಿನಿಂದಲೇ ಸಾಗಹಾಕಿದ್ದವು. ಇದು ಐದನೆಯದು, ಅವಳ ಅಮ್ಮ ನಡೆದು ಕರೆದುಕೊಂಡು ಹೋಗಬಹುದಾದ ದೂರದಲ್ಲಿ ಇದ್ದ ಕೊನೆಯದು. ಎರಡು ತಿಂಗಳಲ್ಲಿ ಸರಿಹೋಗದಿದ್ದರೆ ಹೆಸರು ತೆಗೆಯುತ್ತೇವೆ ಎಂದು ಮುಖ್ಯೋಪಾಧ್ಯಾಯಿನಿ ಆ ಅಮ್ಮನಿಗೆ ಖಡಾಖಂಡಿತವಾಗಿ ಹೇಳಿದ್ದರು. ಆಮೇಲೆ ನನಗೆ ಫೋನ್ ಮಾಡಿದ್ದರು.

ತರಬೇತಿ ನಡೆದದ್ದು ಆ ಶಾಲೆಯ ಗ್ರಂಥಾಲಯದಲ್ಲಿ, ಎರಡು ದಿನ. ಕುರ್ಚಿಗಳೆಲ್ಲ ಚಿಕ್ಕ ಮಕ್ಕಳವು, ಇಪ್ಪತ್ತೆರಡು ಜನ ಟೀಚರುಗಳು ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದರು. ನಾನು ಎಂದಿನಂತೆ ಶುರು ಮಾಡಿದೆ.

“ಯಾವ ಮಗುವೂ ಕಾರಣ ಇಲ್ದೆ ಕಚ್ಚಲ್ಲ. ಬಾಯಲ್ಲಿ ಹೇಳಕ್ಕಾಗದ್ದನ್ನ ಅದು ಹಲ್ಲಲ್ಲಿ ಹೇಳುತ್ತೆ.”

ಆಟದ ಮೇಷ್ಟರು ಹೆಬ್ಬೆರಳು ಎತ್ತಿ ತೋರಿಸಿದರು. “ನನಗೇನು ಹೇಳಿರಬಹುದು ಮೇಡಂ? ರುಚಿಯಾಗಿದ್ದೀರಿ ಅಂತಲಾ?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗದ ಒಬ್ಬಳೇ ಒಬ್ಬಳು ಮೂರನೇ ತರಗತಿಯ ಟೀಚರ್. ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ, ಇನ್ನೂ ಕಾಯಂ ಆಗಿರಲಿಲ್ಲ. ಎಡಗೈಯಲ್ಲಿ ಹಲ್ಲಿನ ಗುರುತುಗಳಿದ್ದವು. ಅವು ಕಾಣದ ಹಾಗೆ ಕೈಯನ್ನು ನೋಟ್‌ಬುಕ್ಕಿನ ಕೆಳಗೆ ಇಟ್ಟುಕೊಂಡು ನಾನು ಹೇಳಿದ್ದನ್ನೆಲ್ಲ ಅಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದಳು. ಇಂಥ ಒಬ್ಬಳು ಇದ್ದರೆ ಸಾಕು, ಹುಡುಗಿ ಉಳಿದುಕೊಳ್ಳುತ್ತಾಳೆ ಎಂದು ನನಗೆ ಆಗಲೇ ಅನ್ನಿಸಿತು.

ಎರಡನೇ ದಿನ ನನ್ನ ಹಾಳೆ ಹಂಚಿದೆ. ಅದು ನನ್ನ ಹೆಮ್ಮೆ, ನಾನೇ ಗೆರೆ ಎಳೆದು ಮಾಡಿದ್ದು. ಮೂರು ಕಾಲಂ: ಮುಂಚೆ, ಆಗ, ಆಮೇಲೆ. ಮಗು ಕಚ್ಚುವ ಮುಂಚೆ ಏನು ನಡೆಯಿತು, ಆಗ ಮಗು ಏನು ಮಾಡಿತು, ಆಮೇಲೆ ನೀವು ಏನು ಮಾಡಿದಿರಿ. ನಡುವಿನ ಕಾಲಂ ಅಗಲವಾಗಿತ್ತು, ಯಾರಿಗೆ, ಎಲ್ಲಿ, ಎಷ್ಟು ಜೋರಾಗಿ ಎಂದೆಲ್ಲ ಬರೆಯಬೇಕಲ್ಲ. ‘ಮುಂಚೆ’ ಕಾಲಂಗೆ ಉಳಿದದ್ದು ಎರಡು ಬೆರಳಿನ ಜಾಗ. ಹಾಳೆಯ ಅಡಿಯಲ್ಲಿ ನಿಯಮಗಳನ್ನೂ ಅಚ್ಚು ಹಾಕಿಸಿದ್ದೆ. ಹಟ, ಕೊಬ್ಬು, ಸೊಕ್ಕು ಎಂಬ ಮಾತು ಬರೆಯಕೂಡದು. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ. ಆ ಪೀರಿಯಡ್ ಮುಗಿಯುವುದರೊಳಗೆ ಬರೆಯಬೇಕು. ಬರೆದದ್ದನ್ನು ಆಮೇಲೆ ತಿದ್ದುವಂತಿಲ್ಲ.

ಈ ಕೊನೆಯ ನಿಯಮವನ್ನು ನಾನು ಪೆಟ್ಟು ತಿಂದು ಕಲಿತದ್ದು. ಹಿಂದೆ ಒಂದು ಶಾಲೆಯಲ್ಲಿ ಶನಿವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತು ಇಡೀ ವಾರದ ಹಾಳೆ ತುಂಬಿಸಿ ಕೈತೊಳೆದುಕೊಳ್ಳುತ್ತಿದ್ದರು. ಅದರಲ್ಲಿ ಇದ್ದದ್ದೆಲ್ಲ ಕಟ್ಟುಕತೆ.

“ವಾರಕ್ಕೊಂದು ಸಲ ಬಂದು ಹಾಳೆಗಳನ್ನ ನಾನೇ ನೋಡ್ತೀನಿ,” ಎಂದು ಹೇಳಿ ಬಂದೆ.

ಹೋಗಲಿಲ್ಲ. ಕಾರಣ ಬೇಕಾದರೆ ಹೇಳಬಹುದು. ನನ್ನ ಕೈಯಲ್ಲಿ ಇಪ್ಪತ್ಮೂರು ಶಾಲೆಗಳಿದ್ದವು, ನನ್ನ ಜೊತೆಗಿದ್ದವಳು ಹೆರಿಗೆ ರಜೆ ಮೇಲೆ ಹೋಗಿದ್ದಳು. ಒಂದೇ ಒಂದು ಸಲ, ಮೊದಲ ವಾರ, ಒಂದು ಗಂಟೆ ತರಗತಿಯ ಹಿಂದೆ ಕೂತು ನೋಡಿದ್ದೆ. ಅವತ್ತು ದುಂಬಿ ಕಿಟಕಿಯ ಪಕ್ಕ ಕೂತು, ಗುಂಯ್ ಅನ್ನುತ್ತಾ, ಗುಣಾಕಾರ ಮಾಡುತ್ತಿದ್ದಳು. ಟೀಚರ್ ಪಾಠ ಮಾಡುತ್ತಿದ್ದಳು. ಹೊರಗಿನವರು ಕೂತಿದ್ದಾರೆಂದು ಒಂದು ಜೋರು ಮಾತಿಲ್ಲ, ಗದರುವುದಿಲ್ಲ. ಯಾರೂ ಯಾರನ್ನೂ ಕಚ್ಚಲಿಲ್ಲ. ‘ತೊಂದರೆ ಕಾಣಲಿಲ್ಲ’ ಎಂದು ಬರೆದುಕೊಂಡು ಬಂದೆ. ಒಂದು ಗಂಟೆ ನೆಂಟರ ಹಾಗೆ ಕೂತು ಬಂದದ್ದನ್ನು ಕೆಲಸ ಎಂದುಕೊಂಡೆ.

ಏಳನೇ ವಾರ ಮುಖ್ಯೋಪಾಧ್ಯಾಯಿನಿಯವರ ಫೋನ್ ಬಂತು. ದನಿ ಬಹಳ ಹಗುರಾಗಿತ್ತು.

“ಮೇಡಂ, ನಿಮ್ಮ ಹಾಳೆ ತುಂಬಾ ಉಪಯೋಗಕ್ಕೆ ಬಂತು ಕಣ್ರೀ. ಶುಕ್ರವಾರ ಸಭೆ ಇಟ್ಕೊಂಡಿದ್ದೀವಿ. ತೀರ್ಮಾನ ಮಾಡೋದಿದೆ. ನೀವೂ ಇದ್ರೆ ಒಳ್ಳೇದು.”

ನಾನು ದಡ್ಡಿ, ಖುಷಿಪಟ್ಟೆ.

ಸಭೆಗೆ ಐದು ಜನ. ಮುಖ್ಯೋಪಾಧ್ಯಾಯಿನಿ, ಆಡಳಿತ ಮಂಡಳಿಯ ಕಡೆಯಿಂದ ಒಬ್ಬ ವಕೀಲರು, ಮೂರನೇ ತರಗತಿಯ ಟೀಚರ್, ದುಂಬಿಯ ಅಮ್ಮ, ನಾನು. ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯಲ್ಲೇ ಮಿಷಿನ್ ಹಾಕಿಕೊಂಡವರು. ಮಗಳು ಟೀಚರ ಕೈ ಕಚ್ಚಿದ್ದು ಗೊತ್ತಾದಾಗ ಎರಡು ಪದರದ ದಪ್ಪ ಬಟ್ಟೆಯಲ್ಲಿ, ಮಣಿಕಟ್ಟಿನಿಂದ ಮೊಣಕೈ ತನಕ ಬರುವ ತೋಳು ಹೊಲಿದು ಕಳಿಸಿದ್ದರು. ಟೀಚರ್ ಅವತ್ತೂ ಅದನ್ನು ಹಾಕಿಕೊಂಡಿದ್ದಳು. ಒಬ್ಬರು ಹೊಲಿದದ್ದನ್ನು ಇನ್ನೊಬ್ಬರು ಹಾಕಿಕೊಂಡು, ಇಬ್ಬರೂ ಮುಖ ಮುಖ ನೋಡದೆ ಕೂತಿದ್ದರು.

ವಕೀಲರ ಮುಂದೆ ಮೂವತ್ತೊಂದು ಹಾಳೆಗಳು. ಅಂಚು ಸರಿಮಾಡಿ, ತಾರೀಖಿನ ಪ್ರಕಾರ ಜೋಡಿಸಿದ್ದರು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ನಾನು ಹೇಳಿದ ಒಂದು ನಿಯಮವನ್ನೂ ಆ ಟೀಚರ್ ಮೀರಿರಲಿಲ್ಲ.

ವಕೀಲರು ಓದಿದರು. “ಮುಂಚೆ: ಸುಮ್ಮನೆ. ಆಗ: ಪಕ್ಕದ ಹುಡುಗನ ಬಲಗೈ ಕಚ್ಚಿದಳು, ಚರ್ಮ ಕೆಂಪಾಯಿತು. ಆಮೇಲೆ: ಹುಡುಗನನ್ನು ಮುಂದಿನ ಬೆಂಚಿಗೆ ಕಳಿಸಿದೆ.” ಹಾಳೆ ತಿರುಗಿಸಿದರು. “ಮುಂಚೆ: ಸುಮ್ಮನೆ. ಆಗ: ನನ್ನ ತೋಳು ಕಚ್ಚಿದಳು. ಮುಂಚೆ: ಸುಮ್ಮನೆ. ಆಗ: ಹಿಂದೆ ಕೂತಿದ್ದ ಹುಡುಗಿಯ ಬೆರಳು.”

ಅವರು ಕನ್ನಡಕ ತೆಗೆದರು. “ಮೂವತ್ತೊಂದರಲ್ಲಿ ಇಪ್ಪತ್ತಾರು ಸಲ ಸುಮ್ಮನೆ. ಮೇಡಂ, ಕಾರಣ ಇಲ್ದೆ ಯಾವ ಮಗೂನೂ ಕಚ್ಚಲ್ಲ ಅಂತ ನೀವು ಹೇಳಿದ್ರಂತೆ. ನಿಮ್ಮ ಹಾಳೇನೇ ಬೇರೆ ಹೇಳ್ತಿದೆ. ಇವಳು ಸುಮ್ ಸುಮ್ನೆ ಕಚ್ತಾಳೆ. ಯಾವಾಗ ಅಂತ ಗೊತ್ತಾಗಲ್ಲ, ಯಾಕೆ ಅಂತ ಗೊತ್ತಾಗಲ್ಲ. ಮೂರು ಜನ ಪೋಷಕರು ದೂರು ಬರೆದು ಕೊಟ್ಟಿದ್ದಾರೆ. ನಾವೇನು ಮಾಡೋಣ ಹೇಳಿ.”

ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು, ಈಗ ಈಕೆ ಏನಾದರೂ ಹೇಳುತ್ತಾಳೆ ಎಂಬ ನಂಬಿಕೆಯಿಂದ. ಹಾಳೆಗಳನ್ನು ಈಚೆಗೆ ಎಳೆದುಕೊಂಡೆ. ಹೌದು. ಸುಮ್ಮನೆ, ಸುಮ್ಮನೆ, ಸುಮ್ಮನೆ. ಹದಿನಾಲ್ಕು ವರ್ಷದಲ್ಲಿ ಯಾವ ಮಗುವಿನ ಹಾಳೆಯೂ ಹೀಗಿರಲಿಲ್ಲ. ಕಣ್ಣಿಗೆ ಕಂಡದ್ದನ್ನೇ ಬರೆಯುವ ಈ ಟೀಚರ್ ಇಪ್ಪತ್ತಾರು ಸಲ ಹೀಗೆ ಬರೆಯಬೇಕಾದರೆ ಏನೋ ಇರಬೇಕು.

“ಇದೇನಮ್ಮಾ ಇದು, ಸುಮ್ಮನೆ ಅಂದ್ರೆ?” ಎಂದು ಟೀಚರನ್ನು ಕೇಳಿದೆ.

“ಸುಮ್ನೆ ಅಂದೆ ಮೇಡಂ.”

“ಅದೇ, ಸುಮ್ನೆ ಅಂದ್ರೆ ಏನು? ಏನೂ ನಡೀಲಿಲ್ವಾ?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು, ಇಷ್ಟೂ ಅರ್ಥವಾಗದವಳು ನನಗೆ ಹೇಗೆ ಕಲಿಸಿದಳು ಎನ್ನುವ ಹಾಗೆ. “ನಡೀತಲ್ಲ ಮೇಡಂ. ಅವಳು ಗುಂಯ್ ಅಂತಿರ್ತಾಳಲ್ಲ, ಪಾಠ ಮಾಡಕ್ಕಾಗಲ್ಲ, ಅದಕ್ಕೆ ‘ಏಯ್, ಸುಮ್ನೆ!’ ಅಂದೆ. ಕಿವಿಗೆ ಕೇಳಿದ್ದನ್ನೇ ಬರೀರಿ ಅಂದಿದ್ರಿ. ನಾನು ಏನು ಅಂದೆನೋ ಅದನ್ನೇ ಬರ್ದೆ. ಆ ಕಾಲಂನಲ್ಲಿ ಅಷ್ಟೇ ಹಿಡಿಯೋದು.”

ಹಾಳೆಗಳನ್ನು ಮತ್ತೆ ಮೊದಲಿನಿಂದ ನೋಡಿದೆ. ಎಲ್ಲ ಅಲ್ಲೇ ಇತ್ತು. ಅವಳು ಗುಂಯ್ ಎನ್ನುತ್ತಾಳೆ, ಮೂವತ್ತೆಂಟು ಮಕ್ಕಳ ಗಲಾಟೆಯಲ್ಲಿ ತನ್ನನ್ನು ತಾನು ಹಿಡಿದುಕೊಳ್ಳಲು ಅವಳಿಗಿರುವುದು ಅದೊಂದೇ. ಟೀಚರ್ ಸುಮ್ನೆ ಎನ್ನುತ್ತಾಳೆ. ಮಾತು ಕೇಳುವ ಹುಡುಗಿ, ನಿಲ್ಲಿಸುತ್ತಾಳೆ. ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ, ಕಚ್ಚುತ್ತಾಳೆ. ಇಪ್ಪತ್ತಾರು ಸಲವೂ ಅದೇ. ನನ್ನ ಇಡೀ ವೃತ್ತಿಯಲ್ಲಿ ಇಷ್ಟು ಸ್ಪಷ್ಟವಾದ ಕಾರಣ ನನಗೆ ಸಿಕ್ಕಿರಲಿಲ್ಲ. ಔಷಧ ಬೇಡ, ವಿಶೇಷ ಕೋಣೆ ಬೇಡ. ಒಂದು ಮಾತು ಬಿಟ್ಟರೆ ಸಾಕು.

ಆ ಸಂತೋಷದಲ್ಲೇ ನಾನು ಎಲ್ಲವನ್ನೂ ಹಾಳುಮಾಡಿದೆ.

“ಅಯ್ಯೋ ಮಾರಾಯ್ತಿ!” ಎಂದು ಮೇಜು ಕುಟ್ಟಿದೆ. “ಹಾಗಾದ್ರೆ ಇಪ್ಪತ್ತಾರು ಸಲಾನೂ ಕಚ್ಚಿಸಿದ್ದು ನೀನೇ!”

ಮುಖ್ಯೋಪಾಧ್ಯಾಯಿನಿ ತಟ್ಟನೆ ಟೀಚರ ಕಡೆ ತಿರುಗಿದರು. ವಕೀಲರೂ ತಿರುಗಿದರು, ಕೈಯಲ್ಲಿ ಆ ಮೂವರು ಪೋಷಕರ ಪತ್ರ. ಟೀಚರ ಮುಖ ಸುಣ್ಣ ಬಳಿದಂತೆ ಬಿಳುಚಿತು. ಹೆದರಿದ ಮಗುವನ್ನು ಮೂಲೆಗೆ ಒತ್ತರಿಸಬಾರದು, ಹೊರಗೆ ಬರಲು ದಾರಿ ಬಿಟ್ಟು ಮಾತಾಡಬೇಕು ಎಂದು ನಾನು ಎರಡು ದಿನ ಇವರಿಗೆ ಬಾಯಿ ನೋಯುವಷ್ಟು ಹೇಳಿದ್ದೆ. ಹೇಳಿ ಕಲಿಸಿದವಳು ನಾನು, ಒತ್ತರಿಸಿದವಳೂ ನಾನು.

“ಏನಮ್ಮಾ, ನೀವು ಗದರಿಸಿದ್ದಕ್ಕೆ ಮಕ್ಕಳಿಗೆ ಗಾಯ ಆಯ್ತಾ?” ಎಂದು ಮುಖ್ಯೋಪಾಧ್ಯಾಯಿನಿ ಕೇಳಿದರು.

“ಇಲ್ಲ ಮೇಡಂ,” ಎಂದಳು ಟೀಚರ್. ಬಲಗೈಯಿಂದ ಎಡಗೈಯ ದಪ್ಪ ತೋಳನ್ನು ಹಿಡಿದುಕೊಂಡಿದ್ದಳು. “ನಾನು ಯಾವಾಗ್ಲೂ ಹೇಳ್ತಿರ್ಲಿಲ್ಲ. ಕೆಲವು ಸಲ ಅಷ್ಟೇ. ಕೆಲವು ಸಲ ಅವಳು ಹಾಗೇನೇ... ನನಗೆ ಸರಿಯಾಗಿ ನೆನಪಿಲ್ಲ.”

“ಈಗ ತಾನೇ ಹೇಳಿದ್ಯಲ್ಲಮ್ಮ!” ಎಂದೆ ನಾನು.

“ನೆನಪಿಲ್ಲ ಮೇಡಂ.”

ವಕೀಲರು ಕೆಟ್ಟವರೇನಲ್ಲ. ತಾಳ್ಮೆಯಿಂದಲೇ ಹೇಳಿದರು. “ನೋಡಿ, ಈಗ ನಾವು ಕೂತು ಈ ಮಾತಿಗೆ ಈ ಅರ್ಥ ಅಂತ ತೀರ್ಮಾನ ಮಾಡೋದು ಸರಿಯಲ್ಲ. ಬರೆದದ್ದನ್ನು ಆಮೇಲೆ ತಿದ್ದುವಂತಿಲ್ಲ ಅಂತ ಇಲ್ಲೇ ಅಚ್ಚಾಗಿದೆ. ನೀವೇ ಹಾಕಿದ ನಿಯಮ. ಒಳ್ಳೇ ನಿಯಮ.”

ನಾನು ಬಿಡಲಿಲ್ಲ. ಒಂದು ವಾರ ಕೊಡಿ ಎಂದೆ. ಒಂದು ವಾರ ಅವಳು ಗುಂಯ್ ಅನ್ನಲಿ, ಯಾರೂ ಏನೂ ಅನ್ನಬೇಡಿ, ನಾನೇ ದಿನಾ ಬಂದು ಪಕ್ಕದಲ್ಲಿ ಕೂರುತ್ತೇನೆ ಎಂದೆ. ಮುಖ್ಯೋಪಾಧ್ಯಾಯಿನಿ ನಿಟ್ಟುಸಿರು ಬಿಟ್ಟರು.

“ಉಳಿದ ಮೂವತ್ತೇಳು ಮಕ್ಕಳಿಗೆ ಆ ಸದ್ದಲ್ಲಿ ಪಾಠ ಹೇಗೆ ಮಾಡೋದು ಮೇಡಂ? ನೀವು ಬಂದು ಹೋಗೋರು, ದಿನಾ ಏಗೋರು ನಾವು. ಈ ವರ್ಷ ಮನೇಲಿರಲಿ. ನಮ್ಮೋರು ಇನ್ನೂ ಕಲೀಬೇಕು, ನೀವು ಇನ್ನೊಂದು ತರಬೇತಿ ಕೊಡಿ. ಎಲ್ಲರೂ ತಯಾರಾದ್ರೆ ಮುಂದಿನ ವರ್ಷ ನೋಡೋಣ.”

ಹಾಗೆ ಮುಗಿಯಿತು. ಎದ್ದು ಹೋಗುವಾಗ ಟೀಚರ್ ನನ್ನ ಹತ್ತಿರ ಒಂದು ಕ್ಷಣ ನಿಂತು ಹೋದಳು. ಅವಳ ಮೇಲೆ ನನಗೆ ಕೋಪ ಬರಲಿಲ್ಲ. ಬಂದಿದ್ದರೆ ಎಷ್ಟೋ ಹಾಯೆನಿಸುತ್ತಿತ್ತು.

ಅಮ್ಮ ಕಾರಿಡಾರಿನಲ್ಲಿ ಕಾಯುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದೂ ಅಂದುಕೊಂಡೆ. ಅವರು ಬೈಯಲಿಲ್ಲ.

“ಮನೇಲಿ ನಾನು ಅವಳಿಗೆ ಒಂದು ದಿನಾನೂ ಸುಮ್ನಿರು ಅಂದಿಲ್ಲ ಮೇಡಂ,” ಎಂದರು. “ಮಿಷಿನ್ನೂ ಸದ್ದು ಮಾಡುತ್ತೆ, ಅವಳೂ ಮಾಡ್ತಾಳೆ. ಮೂರು ವರ್ಷದವಳಿದ್ದಾಗ ಒಂದು ಸಲ ನಮ್ಮತ್ತೆ ಬಾಯಿ ಮುಚ್ಚಿಸಕ್ಕೆ ಹೋಗಿ ಕಚ್ಚಿಸ್ಕೊಂಡ್ರು. ಆವತ್ತಿಂದ ನಮ್ಮನೇಲಿ ಯಾರೂ ಆ ತಂಟೆಗೆ ಹೋಗಲ್ಲ.”

“ಇದನ್ನ ಯಾಕಮ್ಮ ಮೊದಲೇ ಹೇಳಲಿಲ್ಲ?”

“ಯಾರು ಕೇಳಿದ್ರು ಮೇಡಂ? ತರಬೇತಿ ದಿನ ನಾನೂ ಬಂದಿದ್ದೆ. ಇದು ಟೀಚರುಗಳಿಗೆ ಮಾತ್ರ ಅಂದ್ರು. ಅರ್ಧ ಗಂಟೆ ಹೊರಗೆ ನಿಂತಿದ್ದು ಹೋದೆ.”

ಟೀಚರುಗಳಿಗೆ ಮಾತ್ರ ಎಂದು ಸುತ್ತೋಲೆಯಲ್ಲಿ ಬರೆದವಳು ನಾನೇ. ಅಮ್ಮಂದಿರು ಬಂದರೆ ಅಳುತ್ತಾರೆ, ಹೊತ್ತು ಹಾಳಾಗುತ್ತದೆ ಎಂಬುದು ನನ್ನ ಲೆಕ್ಕ. ‘ಮುಂಚೆ’ ಏನಾಯಿತು ಎಂದು ಎಲ್ಲರನ್ನೂ ಕೇಳುವವಳು, ಶಾಲೆಗೂ ಮುಂಚೆ ಒಂದು ಮನೆ ಇದೆ ಎಂಬುದನ್ನು ಮರೆತಿದ್ದೆ. ತಪ್ಪಾಯಿತು ಎಂದೆ. ಅವರು ಪರವಾಗಿಲ್ಲ ಎಂದರು. ಅದನ್ನು ಅವರು ನಿಜವಾಗಿಯೂ ಸಮಾಧಾನಕ್ಕೆಂದೇ ಹೇಳಿದರು, ನನ್ನ ಸಮಾಧಾನಕ್ಕೆ.

ಎರಡನೇ ತರಬೇತಿ ಇಪ್ಪತ್ತು ದಿನದ ನಂತರ, ಒಂದು ಗುರುವಾರ. ಹೊಸ ಹಾಳೆ ಮಾಡಿದ್ದೆ. ಮೊದಲ ಕಾಲಂ ಅರ್ಧ ಪುಟದಷ್ಟು ಅಗಲ. ಮನೆಯವರನ್ನು ಕೇಳಿ ಬರೆಯಲು ಬೇರೆಯೇ ಒಂದು ಪುಟ. ಈ ಸಲ ಎಲ್ಲವನ್ನೂ ಸರಿಯಾಗಿ ಕಲಿಸಬೇಕು, ಇವರು ತಯಾರಾಗಿದ್ದಾರೆ ಎಂದು ಮುಖ್ಯೋಪಾಧ್ಯಾಯಿನಿಯವರ ಬಾಯಿಂದಲೇ ಹೊರಡಿಸಬೇಕು ಎಂದು ಹಟ ಹಿಡಿದು ಹೊರಟಿದ್ದೆ. ಮುಂದಿನ ವರ್ಷ ನೋಡೋಣ ಎಂಬ ಆ ಒಂದು ಮಾತು ಬಿಟ್ಟರೆ ನನ್ನ ಕೈಯಲ್ಲಿ ಬೇರೇನೂ ಇರಲಿಲ್ಲ.

ಆಟೋ ಇಳಿದಾಗ ಶಾಲೆಯ ಗೇಟಿನ ಮುಂದೆ ಅಮ್ಮ ಮಗಳು ನಿಂತಿದ್ದರು. ದುಂಬಿ ಯೂನಿಫಾರ್ಮ್ ಹಾಕಿಕೊಂಡು, ಬ್ಯಾಗು ಬೆನ್ನಿಗೇರಿಸಿಕೊಂಡು, ಗೇಟಿನ ಸರಳುಗಳನ್ನು ನೋಡುತ್ತಾ ಗುಂಯ್ ಎನ್ನುತ್ತಿದ್ದಳು. ಒಳಗೆ ಮಕ್ಕಳೆಲ್ಲ ತರಗತಿ ಸೇರಿದ್ದರು.

“ದಿನಾ ಹೀಗೇ ಮೇಡಂ,” ಎಂದರು ಅಮ್ಮ. “ಶಾಲೆ ಇಲ್ಲ ಅಂದ್ರೆ ಅರ್ಥ ಆಗಲ್ಲ. ಎಂಟೂಕಾಲಿಗೆ ಬಾಗಿಲ ಹತ್ರ ಹೋಗಿ ನಿಂತ್ಕೋತಾಳೆ. ಇಲ್ಲೀತನಕ ಬಂದು, ಗೇಟು ಹಾಕಿರೋದನ್ನ ನೋಡಿದ್ರೆ ವಾಪಸ್ ಬರ್ತಾಳೆ. ಏನೂ ಗಲಾಟೆ ಮಾಡಲ್ಲ.”

ಅಷ್ಟರಲ್ಲಿ ವಾಚ್‌ಮನ್ ನನ್ನನ್ನು ನೋಡಿದ. ಒಳಗಿನಿಂದ ಮೊದಲೇ ಹೇಳಿ ಕಳಿಸಿದ್ದರು ಅಂತ ಕಾಣುತ್ತದೆ, ಲಗುಬಗೆಯಿಂದ ಬಂದು ಗೇಟು ತೆಗೆದ. ಇಪ್ಪತ್ತು ದಿನದಲ್ಲಿ ಅವಳ ಮುಂದೆ ಆ ಗೇಟು ತೆರೆದದ್ದು ಅದೇ ಮೊದಲು. ದುಂಬಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಬಂದು ನನ್ನ ಮಣಿಕಟ್ಟು ಹಿಡಿದುಕೊಂಡಳು. ಯಾರನ್ನೂ ತಾನಾಗಿ ಮುಟ್ಟದ ಹುಡುಗಿ. ಹಿಡಿತ ಗಟ್ಟಿಯಾಗಿತ್ತು. ನನ್ನನ್ನು ಒಳಕ್ಕೆ ಎಳೆದುಕೊಂಡು ಹೊರಟಳು, ಇಬ್ಬರೂ ಒಟ್ಟಿಗೆ ಹೋಗುವುದೆಂದು.

ವಾಚ್‌ಮನ್ ಅಡ್ಡ ಬಂದ. ವಯಸ್ಸಾದವನು, ಅವನಿಗೇ ಮುಖ ತೋರಿಸಲು ಆಗುತ್ತಿರಲಿಲ್ಲ. “ನೀವು ಬನ್ನಿ ಮೇಡಂ. ಮಗೂನ ಬಿಡ್ಬೇಡ ಅಂದಿದ್ದಾರೆ. ನಾನೇನು ಮಾಡ್ಲಿ ಹೇಳಿ.”

ಜಗಳವಾಡಿ ಅವಳನ್ನು ಒಳಗೆ ಕರೆದುಕೊಂಡು ಹೋಗಬಹುದಿತ್ತು. ಐದು ನಿಮಿಷ ಗಲಾಟೆಯಾಗುತ್ತಿತ್ತು, ಮುಂದಿನ ವರ್ಷದ ಮಾತೂ ಅಲ್ಲಿಗೆ ಮುಗಿಯುತ್ತಿತ್ತು. ಅಮ್ಮನಿಗೆ ಅದು ನನಗಿಂತ ಮೊದಲೇ ಹೊಳೆದಿತ್ತು. ಅವರು ಮುಂದೆ ಬಂದು, ಮಗಳ ಬೆರಳುಗಳನ್ನು ನನ್ನ ಕೈಯಿಂದ ಒಂದೊಂದಾಗಿ ಬಿಡಿಸಿದರು. ದುಂಬಿ ಕಚ್ಚಲಿಲ್ಲ. ಗುಂಯ್ ಎನ್ನುವುದು ಮಾತ್ರ ಜೋರಾಯಿತು. ಒಂದು ಬೆರಳು ಬಿಡಿಸಿದರೆ ಇನ್ನೊಂದು ಬಂದು ಹಿಡಿದುಕೊಳ್ಳುತ್ತಿತ್ತು, ಅಮ್ಮ ಮತ್ತೆ ಮೊದಲಿನಿಂದ ಬಿಡಿಸುತ್ತಿದ್ದರು.

“ನೀವು ಹೋಗಿ ಮೇಡಂ,” ಎಂದರು ತಲೆಯೆತ್ತದೆ. “ಟೀಚರುಗಳು ಕಾಯ್ತಿರ್ತಾರೆ. ಚೆನ್ನಾಗಿ ಕಲಿಸಿ.”

ನಾನು ಒಳಗೆ ಹೋದೆ.